ಓದುಗರ ಪ್ರಶ್ನೆ: ಕೊಡಗಿನವರಿಗೆ ಕೇರಳ ಲಾಟರಿ ಹೊಡೆದರೆ ಹಣ ಕೊಡುತ್ತಾರೆಯೇ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಇರಿಟ್ಟಿಗೆ ಹೋದಾಗಲೆಲ್ಲ ಒಂದೆರಡು ಲಾಟರಿ ಟಿಕೆಟ್ ತೆಗೆದುಕೊಳ್ಳುತ್ತೇನೆ. ಕರ್ನಾಟಕದ ಆಧಾರ್ ಇರುವವರಿಗೆ ಬಹುಮಾನ ಬಂದರೂ ಹಣ ಕೊಡುವುದಿಲ್ಲ ಎನ್ನುತ್ತಾರೆ. ಹೌದೇ?

ಉತ್ತರ: ಕೊಡುತ್ತಾರೆ.

ಈ ಒಂದು ಪದವನ್ನು ರಬ್ಬರ್ ಮೊಹರು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರೆ ನನಗೆ ಎಷ್ಟೋ ಉಸಿರು ಉಳಿಯುತ್ತಿತ್ತು. ನಾನು ವಕೀಲ, ನೋಟರಿಯೂ ಹೌದು. ಕರಾರುಪತ್ರ, ವಂಶವೃಕ್ಷದ ಪ್ರಮಾಣಪತ್ರ ಎಂದು ಬಂದವರು ಕೆಲಸ ಮುಗಿದ ಮೇಲೆ ಏಳುವುದಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಸರ್, ಒಂದು ಮಾತು, ಆ ಕಡೆಯ ಲಾಟರಿ ಇದೆಯಲ್ಲ..." ಎಂದು ಶುರುಮಾಡುತ್ತಾರೆ. ಏನೋ ಕಳ್ಳಸಾಗಣೆ ಮಾಡಿದವರ ಮುಖ ಇರುತ್ತದೆ. ಜೇಬಿನಿಂದ ಹೊರಬರುವುದು ಮಾತ್ರ ಐವತ್ತು ರೂಪಾಯಿಯ ಒಂದು ಕಾಗದದ ಚೂರು.

ಕೇರಳ ಸರ್ಕಾರದ ನಿಯಮದಲ್ಲಿ ಬಹುಮಾನ ಪಡೆಯುವವನು ಕೇರಳದವನೇ ಆಗಿರಬೇಕು ಎಂಬ ಮಾತು ಎಲ್ಲಿಯೂ ಇಲ್ಲ. ಮಲಯಾಳ ಬರಬೇಕು, ಅಲ್ಲಿನ ರೇಷನ್ ಕಾರ್ಡ್ ಬೇಕು, ಅಲ್ಲಿ ಮನೆ ಇರಬೇಕು ಎಂಬುದೆಲ್ಲ ಕಟ್ಟೆಪುರಾಣ. ಹೊರರಾಜ್ಯದವರಾದರೆ ಗುರುತಿನ ದಾಖಲೆಗಳಿಗೆ ನೋಟರಿಯ ಸಹಿ, ಮೊಹರು ಬೇಕಾಗುತ್ತದೆ, ಅಷ್ಟೆ. ಒಂದು ಮೊಹರಿನಿಂದ ಮುಗಿಯುವ ಕೆಲಸವನ್ನು ನಮ್ಮ ಜನ ಅಸಾಧ್ಯ ಎಂದು ನಂಬಿ ಕುಳಿತಿದ್ದಾರೆ. ಆ ಮೊಹರು ಹಾಕುವವನ ಎದುರಿಗೇ ಕುಳಿತು ನಂಬುತ್ತಾರೆ ಎಂಬುದು ನನ್ನ ಸಂಕಟ.

2024ರ ಅಕ್ಟೋಬರಿನಲ್ಲಿ ತಿರುವೋಣಂ ಬಂಪರಿನ, ಅಂದರೆ ಕೇರಳದವರ ಓಣಂ ಹಬ್ಬದ ದೊಡ್ಡ ಲಾಟರಿಯ, 25 ಕೋಟಿ ಯಾರಿಗೆ ಬಂತು ಎಂದು ನೆನಪಿದೆಯೇ? ಮಂಡ್ಯ ಜಿಲ್ಲೆಯ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ. ಅವರು ಟಿಕೆಟ್ ಕೊಂಡದ್ದು ವಯನಾಡಿನಲ್ಲಿ. ಪತ್ರಿಕೆಗಳೆಲ್ಲ ಅವರ ಭಾವಚಿತ್ರ ಹಾಕಿದವು. ಅದನ್ನು ತೋರಿಸಿದಾಗಲೂ ನನ್ನ ಕಕ್ಷಿದಾರರೊಬ್ಬರು, "ಅದು ಮಂಡ್ಯ ಸರ್, ನಮ್ಮದು ಕೊಡಗು, ಗಡಿ ಜಿಲ್ಲೆ. ನಮಗೆ ಬೇರೆ ರೂಲು" ಎಂದರು. ಇಂಥ ಮಾತಿಗೆ ಯಾವ ಸೆಕ್ಷನ್ ಉದ್ಧರಿಸಬೇಕೋ ನನಗೆ ಇನ್ನೂ ತಿಳಿದಿಲ್ಲ.

ಆದರೆ ಬೆಂಕಿಯಿಲ್ಲದೆ ಹೊಗೆ ಏಳಲಿಲ್ಲ. ಹಿಂದಿನ ವರ್ಷ, 2023ರಲ್ಲಿ, ಇದೇ ಬಂಪರ್ ತಮಿಳುನಾಡಿನ ನಾಲ್ವರು ಸ್ನೇಹಿತರಿಗೆ ಹೊಡೆದಿತ್ತು. ಅವರು ಟಿಕೆಟ್ ಕೊಂಡದ್ದು ಕೇರಳದ ಗಡಿಯೂರು ವಾಳಯಾರಿನಲ್ಲಿ ಅಲ್ಲ, ತಮಿಳುನಾಡಿನಲ್ಲೇ ಕಾಳಸಂತೆಯಲ್ಲಿ ಎಂದು ಯಾರೋ ದೂರು ಕೊಟ್ಟರು. ಇಲಾಖೆ ವಿಚಾರಿಸಿತು. ಈ ಸುದ್ದಿ ಮಾಕುಟ್ಟ ಘಾಟಿ ಹತ್ತಿ ಪೆರುಂಬಾಡಿ ದಾಟಿ ಕೊಡಗಿಗೆ ಬರುವಷ್ಟರಲ್ಲಿ "ಹೊರಗಿನವರಿಗೆ ಕೊಡುವುದಿಲ್ಲವಂತೆ" ಎಂದಾಗಿತ್ತು. ವಿಚಾರಣೆ ನಡೆದದ್ದು ಅವರು ಯಾವ ಊರಿನವರು ಎಂದು ಅಲ್ಲ, ಟಿಕೆಟ್ ಎಲ್ಲಿ ಮಾರಾಟವಾಯಿತು ಎಂದು. ಇಡೀ ಪ್ರಶ್ನೆಯ ಬೀಗದ ಕೈ ಇಲ್ಲಿದೆ. ಕೊಳ್ಳುವವನ ಊರು ಕಾನೂನಿಗೆ ಬೇಡ, ಮಾರಿದ ಜಾಗ ಬೇಕು. ಗಡಿಯ ಕೂಟುಪುಳ ಸೇತುವೆಯ ಆಚೆ, ಕೇರಳದಲ್ಲಿ, ಕೊಂಡರೆ ಅದು ಲಾಟರಿ ಟಿಕೆಟ್. ಅದೇ ಟಿಕೆಟನ್ನು ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ಯಾರಾದರೂ ಮಾರಿದರೆ ಅದು ಅಪರಾಧ.

ಯಾಕೆ ಹೀಗೆ? ಸಂವಿಧಾನದ ಏಳನೆಯ ಅನುಸೂಚಿ ತೆರೆದು ನೋಡಿ. ಪಣ ಮತ್ತು ಜೂಜು ರಾಜ್ಯಪಟ್ಟಿಯ 34ನೆಯ ನಮೂದು. ಸರ್ಕಾರಗಳೇ ನಡೆಸುವ ಲಾಟರಿ ಮಾತ್ರ ಕೇಂದ್ರಪಟ್ಟಿಯ 40ನೆಯ ನಮೂದು. ಇಸ್ಪೀಟು ಆಡುವವರನ್ನು ಹಿಡಿಯುವುದು ರಾಜ್ಯದ ಕಾನೂನು, ಲಾಟರಿಗೆ ಲಗಾಮು ದೆಹಲಿಯದು. ಆ ಲಗಾಮೇ 1998ರ ಲಾಟರಿ ನಿಯಂತ್ರಣ ಕಾಯ್ದೆ. ಅದರ 5ನೆಯ ಸೆಕ್ಷನ್ ಪ್ರಕಾರ ಒಂದು ರಾಜ್ಯ ಇತರ ರಾಜ್ಯಗಳ ಲಾಟರಿ ಮಾರಾಟವನ್ನು ತನ್ನ ಗಡಿಯೊಳಗೆ ನಿಷೇಧಿಸಬಹುದು. ಆದರೆ ತನ್ನ ಅಂಗಡಿ ತೆರೆದಿಟ್ಟುಕೊಂಡು ಪಕ್ಕದವನ ಅಂಗಡಿಯನ್ನು ಮಾತ್ರ ಮುಚ್ಚಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಸರ್ಕಾರ ನಡೆಸಿದ ಮಾತ್ರಕ್ಕೆ ಲಾಟರಿ ಜೂಜಲ್ಲ ಎಂದಾಗುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿ ಹೇಳಿತು. ನಮ್ಮ ರಾಜ್ಯದ್ದೇ ಲಾಟರಿ ಇತ್ತಲ್ಲ, ವಯಸ್ಸಾದವರಿಗೆ ನೆನಪಿರುತ್ತದೆ. 2007ರ ಏಪ್ರಿಲ್ 1ರಿಂದ ಕರ್ನಾಟಕ ತನ್ನದನ್ನೂ ಮುಚ್ಚಿತು, ಎಲ್ಲರದ್ದನ್ನೂ ಮುಚ್ಚಿಸಿತು.

ಕೇರಳದ ದಾರಿ ಬೇರೆ. 1967ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರದ ಹಣಕಾಸು ಮಂತ್ರಿ ಪಿ.ಕೆ. ಕುಂಞು ಅವರು ಖಾಸಗಿ ಲಾಟರಿಗಳನ್ನು ಓಡಿಸಿ ಸರ್ಕಾರದ ಲಾಟರಿ ತಂದರು. ಆಗ ಟಿಕೆಟ್‌ಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಇಂದು ವರ್ಷದ ವಹಿವಾಟು ಹತ್ತು ಸಾವಿರ ಕೋಟಿಗೂ ಮೀರಿದ್ದು. ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಎಂದು ಕೇಂದ್ರದ ಕಾಯ್ದೆ ಹೇಳುತ್ತದೆಯಲ್ಲ, ಅದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ: ಏಳು ದಿನಕ್ಕೆ ಏಳು ಹೆಸರು. ಶನಿವಾರ ಕಾರುಣ್ಯ, ಮಂಗಳವಾರ ಸ್ತ್ರೀಶಕ್ತಿ, ಹೀಗೆ. ಬಂಪರ್ ವರ್ಷಕ್ಕೆ ಆರು ಮೀರಬಾರದು ಎಂದಿದೆ, ಅವರಲ್ಲಿ ಸರಿಯಾಗಿ ಆರು ಬಂಪರ್ ಇವೆ. ಕಾನೂನನ್ನು ಅಳತೆಪಟ್ಟಿ ಹಿಡಿದು ಓದಿದವರ ಕೆಲಸ ಇದು. ವಕೀಲನಾಗಿ ನನಗೆ ಒಳಗೊಳಗೇ ಮೆಚ್ಚುಗೆ.

ಇನ್ನು ಈ ಕಟ್ಟೆಪುರಾಣದಿಂದ ಆಗುವ ನಷ್ಟ. ಕೆಲವು ವರ್ಷಗಳ ಹಿಂದೆ ಒಬ್ಬರು ಬಂದರು, ಸಣ್ಣ ಕಾಫಿ ತೋಟದವರು. ಅವರಿಗೆ ಒಂದು ಲಕ್ಷದ ಬಹುಮಾನ ಬಂದಿತ್ತು. ನಮಗೆ ಹೇಗೂ ಕೊಡುವುದಿಲ್ಲ ಎಂದುಕೊಂಡು ಆ ಕಡೆಯ ಪರಿಚಯದ ಒಬ್ಬ ಮಲಯಾಳಿ ಚೇಟನ (ಅಣ್ಣನ) ಕೈಗೆ ಟಿಕೆಟ್ ಕೊಟ್ಟರು. ಟ್ಯಾಕ್ಸು, ಆಫೀಸಿನ ಖರ್ಚು, ಓಡಾಟ ಎಂದು ಕಳೆದು ಇವರ ಕೈಗೆ ಬಂದದ್ದು ಅರ್ಧಕ್ಕೂ ಕಡಿಮೆ. "ಕೇಸು ಹಾಕಬಹುದೇ ಸರ್?" ಎಂದರು. ಟಿಕೆಟಿನ ಹಿಂಬದಿಯಲ್ಲಿ ಸಹಿ ಯಾರದು ಎಂದು ಕೇಳಿದೆ. ಚೇಟನದು. ಮುಗಿಯಿತು.

ಆ ಹಿಂಬದಿಯನ್ನು ಯಾರೂ ನೋಡುವುದೇ ಇಲ್ಲ. ಮುಂಬದಿಯ ಸಂಖ್ಯೆಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ದೇವರ ಫೋಟೋದ ಹಿಂದೆ ಸಿಕ್ಕಿಸುತ್ತಾರೆ, ಜುಲೈ ತಿಂಗಳಲ್ಲಿ ರೈನ್‌ಕೋಟಿನ ಜೇಬಿನಲ್ಲಿಟ್ಟು ಮುದ್ದೆ ಮಾಡಿಕೊಳ್ಳುತ್ತಾರೆ. ಹಿಂದೆ ಹೆಸರು, ವಿಳಾಸ, ಸಹಿಗೆ ಜಾಗ ಖಾಲಿ ಬಿದ್ದಿರುತ್ತದೆ. ಖಾಲಿ ಇರುವವರೆಗೂ ಆ ಟಿಕೆಟ್ ದಾರಿಯಲ್ಲಿ ಬಿದ್ದ ನೋಟಿನ ಹಾಗೆ, ಎತ್ತಿಕೊಂಡವನದು. ಕೊಂಡ ಅಂಗಡಿಯ ಮುಂದೆಯೇ ಪೆನ್ನು ಕೇಳಿ ಬರೆಯಿರಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಗಡುವು 30 ದಿನ. 5,000 ರೂಪಾಯಿವರೆಗಿನ ಬಹುಮಾನಕ್ಕೆ ಕೇರಳದ ಯಾವುದೇ ಲಾಟರಿ ಅಂಗಡಿ ಸಾಕು, ಮುಂದಿನ ಸಲ ಮೀನು ತರಲು ಹೋದಾಗ ತೆಗೆದುಕೊಂಡು ಬನ್ನಿ. ಲಕ್ಷದವರೆಗೆ ಜಿಲ್ಲಾ ಲಾಟರಿ ಕಚೇರಿ, ಅದಕ್ಕೆ ಮೇಲಾದರೆ ತಿರುವನಂತಪುರದ ನಿರ್ದೇಶನಾಲಯ. ಬ್ಯಾಂಕ್ ಮೂಲಕವೂ ಸಲ್ಲಿಸಬಹುದು. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಕೈಗೆ ಪೂರ್ತಿ ಹಣ ಬರುತ್ತದೆ ಎಂದು ಮಾತ್ರ ತೋಟಕ್ಕೆ ಮುಂಗಡ ಕೊಡಬೇಡಿ. 25 ಕೋಟಿಯ ಲೆಕ್ಕ ಹೀಗಿದೆ: ಏಜೆಂಟರ ಪಾಲು ಶೇ. 10, ಅಂದರೆ ಎರಡೂವರೆ ಕೋಟಿ ಹೋಯಿತು. ಉಳಿದ ಇಪ್ಪತ್ತೆರಡೂವರೆ ಕೋಟಿಗೆ ಶೇ. 30 ಆದಾಯ ತೆರಿಗೆ, ಅಂದರೆ 6.75 ಕೋಟಿ, ಅಲ್ಲಿಯೇ ಮುರಿದುಕೊಳ್ಳುತ್ತಾರೆ. ಉಳಿಯುವುದು 15.75 ಕೋಟಿ. ಅದರ ಮೇಲೆ ಸರ್‌ಚಾರ್ಜ್, ಸೆಸ್ ಎಂದು ಇನ್ನೂ ಕೋಟಿಗಳ ಲೆಕ್ಕದಲ್ಲಿ ನೀವೇ ಕಟ್ಟಬೇಕು. ಟಿಕೆಟ್ ಮಾರಾಟದ ಮೇಲೂ ಜಿಎಸ್‌ಟಿ ಇದೆ, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಲಾಟರಿಯಲ್ಲಿ ಪ್ರತಿ ದಿನವೂ ಗೆಲ್ಲುವವರು ಯಾರು ಎಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಬೈಲಿನಲ್ಲಿ ಬರುವ "ಕೇರಳ ಲಾಟರಿ ಆನ್‌ಲೈನ್" ವಿಷಯ ಎರಡೇ ಸಾಲು. ಕೇರಳದ್ದು ಕಾಗದದ ಲಾಟರಿ ಮಾತ್ರ. ಟಿಕೆಟಿನ ಫೋಟೋ ಕಳುಹಿಸಿ ಹಣ ಕೇಳುವವನೂ, ನಿಮಗೆ ಬಹುಮಾನ ಬಂದಿದೆ, ಮೊದಲು ಜಿಎಸ್‌ಟಿ ಕಟ್ಟಿ ಎನ್ನುವವನೂ ಕಳ್ಳರೇ.

ಇಷ್ಟು ಹೇಳಿದ ಮೇಲೆ, ನೀವು ಕೇಳದೇ ಇದ್ದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಕೇರಳದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಬೆವರುವ ಇದೇ ಮನುಷ್ಯರು ಗಣೇಶ ಹಬ್ಬಕ್ಕೋ ಹಾಕಿ ಪಂದ್ಯಕ್ಕೋ ಯುವಕರು ಕೂಪನ್ ಪುಸ್ತಕ ಹಿಡಿದು ಬಂದರೆ ನಿಶ್ಚಿಂತೆಯಿಂದ ಐದು ಹರಿಸಿಕೊಳ್ಳುತ್ತಾರೆ. ಲಕ್ಕಿ ಡಿಪ್! ಮೊದಲ ಬಹುಮಾನ ವಾಷಿಂಗ್ ಮಷಿನ್, ಎರಡನೆಯದು ಆಡು, ಸಮಾಧಾನಕರ ಬಹುಮಾನ ಊರುಕೋಳಿ. ದುಡ್ಡು ಕೊಟ್ಟು ಚೀಟಿ ಕೊಳ್ಳುವುದು, ಚೀಟಿ ಎತ್ತಿ ಬಹುಮಾನ ಕೊಡುವುದು. ಇದು ಲಾಟರಿ ಅಲ್ಲದೆ ಮತ್ತೇನು? ಸರ್ಕಾರದ್ದಲ್ಲದ, ಸರ್ಕಾರ ಒಪ್ಪಿಗೆ ಕೊಡದ ಲಾಟರಿ ಎತ್ತಲು ಕಚೇರಿ ಅಥವಾ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಸಜೆ ಎಂದು ಹಳೆಯ ದಂಡಸಂಹಿತೆಯ 294ಎ ಹೇಳುತ್ತಿತ್ತು, ಈಗಿನ ನ್ಯಾಯಸಂಹಿತೆಯ 297 ಕೂಡ ಹಾಗೆಯೇ ಹೇಳುತ್ತದೆ. ಉದ್ದೇಶ ಒಳ್ಳೆಯದು, ಶಾಲೆಯ ಮಕ್ಕಳಿಗೆ ಪುಸ್ತಕ ಕೊಡುತ್ತೇವೆ ಎಂಬುದು ವಾದವಾಗಬಹುದು, ಪರವಾನಗಿ ಆಗುವುದಿಲ್ಲ. ತಿರುವನಂತಪುರದ ಡ್ರಾದಲ್ಲಿ ಯಂತ್ರವಿದೆ, ಸರ್ಕಾರಿ ಗೆಜೆಟ್ ಇದೆ. ಇಲ್ಲಿ ಬಕೆಟ್ಟಿನೊಳಗೆ ಕೈ ಹಾಕುವುದು ಕಾರ್ಯದರ್ಶಿಯ ಮಗಳು.

ಇದನ್ನೆಲ್ಲ ಒಂದು ಸಂಘದ ಹುಡುಗರಿಗೆ ಅರ್ಧ ಗಂಟೆ ವಿವರಿಸಿದೆ. ಪೂರ್ತಿ ಕೇಳಿದರು, ತಲೆಯಾಡಿಸಿದರು, ಕೊನೆಗೆ, "ಹಾಗಾದರೆ ಅಂಕಲ್, ನಿಮಗೆ ಎಷ್ಟು ಹರಿಯಲಿ?" ಎಂದರು. ಎರಡು ತೆಗೆದುಕೊಂಡೆ. ಬಂದ ಪ್ಲಾಸ್ಟಿಕ್ ಕೊಡ ಈಗಲೂ ನಮ್ಮ ಬಚ್ಚಲಲ್ಲಿದೆ.