ಬೆಟ್ಟು, ಮಜಲು, ಬೈಲು: ಕರಾವಳಿಯ ಹವಾಮಾನ ಯೋಜನೆಗೆ ಯಜಮಾನ ಯಾರು?

ಕರಾವಳಿಯ ಹಳೆಯ ಜಮೀನು ಲೆಕ್ಕದಲ್ಲಿ ಗದ್ದೆಗೆ ಮೂರು ಹೆಸರು. ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ್ದು ಬೆಟ್ಟು, ನಡುವಿನದು ಮಜಲು, ತೋಡಿನ (ಸಣ್ಣ ಹಳ್ಳದ) ಬದಿಯ ತಗ್ಗು ಬೈಲು. ಬೈಲಿನಲ್ಲಿ ಮಳೆಗಾಲದ ಏಣೆಲು, ಅದರ ನಂತರದ ಸುಗ್ಗಿ, ನೀರಿದ್ದರೆ ಬೇಸಗೆಯ ಕೊಳಕೆ ಬೆಳೆಯೂ ಆಗುತ್ತಿತ್ತು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಗುಡ್ಡದಿಂದ ಇಳಿದ ನೀರು ಬೈಲಿನಲ್ಲಿ ಹರಡಿ, ಒಂದಿಷ್ಟು ಇಂಗಿ, ಉಳಿದದ್ದು ತೋಡು ಹಿಡಿದು ಹೊಳೆ ಸೇರುತ್ತಿತ್ತು. ಮಳೆ ನಿಂತ ಮೇಲೆ ಊರವರು ಸೇರಿ ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲಿನ ಕಟ್ಟ ಹಾಕುತ್ತಿದ್ದರು. ಮೇಲೆ ಮಳೆನೀರು ಹಿಡಿಯುವ ಕೆರೆಯಂಥ ಮದಕ, ಕೆಳಗೆ ಕಟ್ಟ. ಈಗ ನಾವು ‘ಪ್ರಾದೇಶಿಕ ಯೋಜನೆ’ ಎಂದು ಕರೆಯುವುದರ ಅರ್ಧದಷ್ಟು ಈ ವ್ಯವಸ್ಥೆಯಲ್ಲೇ ಇತ್ತು.

ಹೆಸರುಗಳು ಇನ್ನೂ ಉಳಿದಿವೆ. ಮಂಗಳೂರಿನಲ್ಲಿ ಕೊಡಿಯಾಲ್‌ಬೈಲ್, ಉಡುಪಿಯಲ್ಲಿ ಗುಂಡಿಬೈಲು, ಬೈಲಕೆರೆ. ಕಲ್ಸಂಕ ಎಂದರೆ ತೋಡು ದಾಟಲು ಹಾಕಿದ ಕಲ್ಲಿನ ಸಂಕ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದಾಗ ನೀರು ಹುಡುಕಿಕೊಂಡು ಹೋದದ್ದು ಇಂಥ ಜಾಗಗಳನ್ನೇ. ಕೃಷ್ಣಮಠದ ಪರಿಸರಕ್ಕೂ ನೀರು ಬಂತು, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2018ರ ಮೇ 29ರಂದು, ಮಂಗಳೂರಿಗೂ ಇದೇ ಗತಿಯಾಗಿತ್ತು. ಕೊಟ್ಟಾರಚೌಕಿಯಲ್ಲಿ ನೀರು ನಿಲ್ಲದ ಮಳೆಗಾಲ ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

ಬೊಳ್ಳ, ಅಂದರೆ ನೆರೆ, ನಮಗೆ ಹೊಸದಲ್ಲ. ಬಂಟ್ವಾಳದ ಹಿರಿಯರು 1974ರ ನೇತ್ರಾವತಿ ನೆರೆಯನ್ನು ಈಗಲೂ ಹೇಳುತ್ತಾರೆ. ಆಗ ಹೊಳೆಯೇ ಉಕ್ಕಿ ಬಂದಿತ್ತು. ಈಗ ಹೊಳೆ ತನ್ನ ಪಾಡಿಗೆ ಹರಿಯುತ್ತಿರುವಾಗಲೂ ಪೇಟೆ ಮುಳುಗುತ್ತದೆ. ಸಮುದ್ರ ಬಿಸಿಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚುತ್ತದೆ, ದಿನಗಟ್ಟಲೆ ಸುರಿಯಬೇಕಾದ ಮಳೆ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಅದನ್ನು ಹಿಡಿದಿಡಬೇಕಾದ ಬೈಲು ಮಾತ್ರ ಈಗ ಸೈಟ್ ಆಗಿದೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಗದ್ದೆ ಸಿಕ್ಕಿತು, ಅದು ನ್ಯಾಯವಾಗಿಯೇ ಸಿಕ್ಕಿತು. ಮುಂದಿನ ತಲೆಮಾರಿಗೆ ಭತ್ತದಲ್ಲಿ ಗಿಟ್ಟಲಿಲ್ಲ. ಕೆಲಸಕ್ಕೆ ಆಳಿಲ್ಲ, ಮಕ್ಕಳು ಮುಂಬೈಗೋ ಗಲ್ಫಿಗೋ ಹೋದರು. ಹಡೀಲು (ಪಾಳು) ಬಿದ್ದ ಗದ್ದೆಯನ್ನು ಕನ್ವರ್ಷನ್ ಮಾಡಿಸಿ ಮಾರಿದವರನ್ನು ನಾನು ದೂರಲಾರೆ. ಆದರೆ ಒಂದೊಂದೇ ಸರ್ವೆ ನಂಬರಿಗೆ ಅನುಮತಿ ಕೊಡುವಾಗ ಇಡೀ ಬೈಲಿನ ಲೆಕ್ಕ ಇಡಬೇಕಾದವರು ಯಾರು? ಗಡಿಯಾಚೆ ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಉಳಿಸಲು 2008ರಲ್ಲೇ ಕಾಯ್ದೆ ಬಂತು. ಅದರಲ್ಲೂ ತೂತುಗಳಿವೆ. ತಲಪಾಡಿಯ ಈಚೆ ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆಯೇ ಇಲ್ಲ.

ಬೈಲು ತುಂಬಿಸುವ ಮಣ್ಣು ಬರುವುದು ಗುಡ್ಡದಿಂದ. ಮುರಕಲ್ಲಿನ ಗುಡ್ಡವನ್ನು ನೇರವಾಗಿ ಕಡಿದರೆ ಅಡಿಯಲ್ಲಿನ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು ತೆರೆದುಕೊಳ್ಳುತ್ತದೆ, ನೀರು ಕುಡಿದು ಜಾರುತ್ತದೆ. ಹೀಗಾಗಿ ಮೇಲೆ ಜರಿಯುವುದೂ ಕೆಳಗೆ ಮುಳುಗುವುದೂ ಒಂದೇ ಕೆಲಸದ ಎರಡು ಫಲ. 2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಒಂದೇ ಮನೆಯ ಮಕ್ಕಳೂ ಹಿರಿಯರೂ ಜೀವ ಕಳೆದುಕೊಂಡರು. ನಮ್ಮ ಕಚೇರಿಗಳಲ್ಲಿ ಗುಡ್ಡದ ಫೈಲು ಒಂದು ಕಡೆ, ತೋಡಿನ ಫೈಲು ಇನ್ನೊಂದು ಕಡೆ.

ಫೈಲುಗಳು ಹೀಗೆ ಬೇರೆಯಾದದ್ದಕ್ಕೂ ಹಿನ್ನೆಲೆಯಿದೆ. ನಮ್ಮ ಮಾಸ್ಟರ್ ಪ್ಲಾನ್‌ಗಳಿಗೆ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಹೆಸರಿನಲ್ಲಿ ಗ್ರಾಮಾಂತರ ಇದ್ದರೂ ನಕ್ಷೆ ಬಿಡಿಸಿದ್ದು ಪೇಟೆಗೂ ಅದರ ಸುತ್ತಲಿನ ಗ್ರಾಮಗಳಿಗೂ. 1987ರ ಕಾಯ್ದೆಯ ಪ್ರಾಧಿಕಾರಗಳು, ನಾವು ‘ಮುಡಾ’ ಎನ್ನುವ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರವೂ ಸೇರಿ, ಬಡಾವಣೆ, ರಸ್ತೆ ಅಗಲದ ಲೆಕ್ಕದಲ್ಲೇ ಬೆಳೆದವು. ತೋಡು ಹುಟ್ಟುವುದು ಒಂದು ಪಂಚಾಯತಿಯಲ್ಲಿ, ಹರಿಯುವುದು ಇನ್ನೊಂದರಲ್ಲಿ, ಉಕ್ಕುವುದು ಪಾಲಿಕೆಯಲ್ಲಿ. ನೀರಿನ ದಾರಿ ಪೂರ್ತಿಯಾಗಿ ಒಂದೇ ನಕ್ಷೆಯೊಳಗೆ ಬರಲಿಲ್ಲ.

ಕಡಲಿನ ಬದಿಯದು ಇನ್ನೊಂದು ಕಥೆ. 1991ರಲ್ಲಿ ಕಡಲ ಬದಿಯ ಕಟ್ಟಡಗಳನ್ನು ನಿಯಂತ್ರಿಸುವ ಸಿಆರ್‌ಝಡ್ ಅಧಿಸೂಚನೆ ಬಂತು. 2019ರ ಹೊಸ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಮೀನುಗಾರರಿಗೆ ಮನೆ ಕಟ್ಟಲು ಜಾಗ ಬೇಕಿತ್ತು ನಿಜ, ಆದರೆ ಸಡಿಲಿಕೆಯ ಲಾಭ ಅವರಿಗಷ್ಟೇ ಸೀಮಿತವಲ್ಲ. ಅತ್ತ ಉಳ್ಳಾಲ, ಸೋಮೇಶ್ವರದಲ್ಲಿ ಪ್ರತಿ ಮಳೆಗಾಲವೂ ಕಡಲ್ಕೊರೆತ, ಪ್ರತಿ ಸಲವೂ ಲಾರಿಯಲ್ಲಿ ಕಲ್ಲು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲಿನೊಳಗೆ ಅಲೆ ತಡೆಯುವ ಕೃತಕ ದಿಬ್ಬ (ರೀಫ್) ಕಟ್ಟಿದ್ದೂ ಆಯಿತು. ಅಲೆಯ ದಾರಿ ಒಂದು ಕಡೆ ಅಡ್ಡವಾದರೆ ಮರಳು ಇನ್ನೊಂದು ಕಡೆ ಕೊಚ್ಚಿಹೋಗುತ್ತದೆ. ಅಳಿವೆಯಿಂದ ಅಳಿವೆಗೆ ಕಿನಾರೆಯನ್ನು ಒಟ್ಟಾಗಿ ನೋಡದೆ ಇದಕ್ಕೆ ಪರಿಹಾರವಿಲ್ಲ.

ಇಷ್ಟೆಲ್ಲ ನೀರಿನ ನಡುವೆ ಬೇಸಗೆಯಲ್ಲಿ ಕುಡಿಯಲು ನೀರಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆದರೂ 2016ರಲ್ಲಿ, ಮತ್ತೆ 2019ರಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರಿಳಿದು ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟರು. ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು ನಂಬಿದ ಉಡುಪಿಯದೂ ಅದೇ ಪಾಡು.

2008ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. ಆಮೇಲೆ ರಾಜ್ಯದ್ದೂ ಬಂತು. ಪಡುಬಿದ್ರೆ ಬಳಿಯ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಹೊಗೆಯ ಬಗ್ಗೆ ತೀರ್ಮಾನ ಆಗುವುದು ಬೆಂಗಳೂರು, ದಿಲ್ಲಿಯಲ್ಲಿ. ನೆಲದ ತೀರ್ಮಾನ ಹಾಗಲ್ಲ. ಯಾವ ಬೈಲು ಉಳಿಯಬೇಕು, ಯಾವ ತೋಡಿನ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಯಾವ ಗುಡ್ಡಕ್ಕೆ ಜೆಸಿಬಿ ಹತ್ತಬಾರದು ಎಂಬುದನ್ನು ಜಿಲ್ಲೆಯೇ ಹೇಳಬೇಕು.

ಹೇಳುವವರನ್ನು ಸಂವಿಧಾನ ಆಗಲೇ ಹೆಸರಿಸಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಪಂಚಾಯತಿಗೂ ಪೇಟೆಗೂ ಸೇರಿ ಒಂದೇ ಅಭಿವೃದ್ಧಿ ಯೋಜನೆಯ ಕರಡು ಮಾಡುವಾಗ ಅದು ನೆಲದ ಬಳಕೆ, ನೀರಿನ ಹಂಚಿಕೆ, ಪರಿಸರ ಸಂರಕ್ಷಣೆ ಮೂರನ್ನೂ ಗಮನಿಸಬೇಕು. ಹವಾಮಾನದ ಮಾತು ಇಷ್ಟು ಜೋರಾಗುವ ಮೊದಲೇ ಬರೆದಿಟ್ಟ ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇಕಾದ ಅಧಿಕಾರವೆಲ್ಲ ಅಲ್ಲಿದೆ. ಸಮಿತಿಗಳು ಮಾತ್ರ ಇಲಾಖೆಗಳ ಪಟ್ಟಿ ಜೋಡಿಸುವ ಕೆಲಸಕ್ಕೆ ನಿಂತುಬಿಟ್ಟವು.

ಆ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತ್ ಮತ್ತು ನಗರಸಭೆ, ಪಾಲಿಕೆಗಳ ಚುನಾಯಿತರೊಳಗಿಂದಲೇ ಆಯ್ಕೆಯಾಗಬೇಕು. ಜಿಲ್ಲಾ ಪಂಚಾಯತ್‌ಗಳ ಅವಧಿ ಮುಗಿದದ್ದು 2021ರಲ್ಲಿ. ಆ ಮೇಲೆ ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ.