ಇನ್‌ಕಾಗ್ನಿಟೊ ತೆರೆದರೆ ಗಣಿಗಾರಿಕೆ ನಿಲ್ಲುತ್ತದೆಯೇ?

ಪ್ರಶ್ನೆ: ಒಂದು ಜಾಲತಾಣ ತೆರೆದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನ್ ಭರ್ರನೆ ತಿರುಗತೊಡಗುತ್ತದೆ. ನನ್ನ ಕಂಪ್ಯೂಟರನ್ನೇ ಬಳಸಿ ಅವರು ಕ್ರಿಪ್ಟೊ ನಾಣ್ಯ ಗಳಿಸುತ್ತಾರಂತೆ. ಬ್ರೌಸರಿನ ಇನ್‌ಕಾಗ್ನಿಟೊ (ಗುಪ್ತ) ಕಿಟಕಿಯಲ್ಲಿ ತೆರೆದರೆ ಸಾಕಲ್ಲವೇ?

ಉತ್ತರ: ಸಾಲದು. ಕಲ್ಸಂಕದ ನಮ್ಮ ರಿಪೇರಿ ಅಂಗಡಿಗೆ ಬಂದವರಿಗೆ ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತಿದೆ. ಆದರೂ ವಾರಕ್ಕೊಬ್ಬರಾದರೂ ಇದೇ ನಂಬಿಕೆ ಹೊತ್ತು ಬರುತ್ತಾರೆ. ಆದ್ದರಿಂದ ಒಮ್ಮೆ ಬಿಡಿಸಿ ಬರೆಯುತ್ತೇನೆ.

ನಿಮ್ಮ ತೋಟದ ಪಂಪಿಗೆ ಪಕ್ಕದವರು ತಮ್ಮ ಪೈಪು ಸಿಕ್ಕಿಸಿ ಅಡಿಕೆಗೆ ನೀರು ಬಿಟ್ಟುಕೊಂಡರು ಎಂದಿಟ್ಟುಕೊಳ್ಳಿ. ಪಂಪು ನಿಮ್ಮದು, ಮೆಸ್ಕಾಂ ಬಿಲ್ಲು ನಿಮ್ಮದು, ಫಸಲು ಅವರದು. ಪುಟದೊಳಗೆ ಅಡಗಿದ ಸ್ಕ್ರಿಪ್ಟ್, ಅಂದರೆ ಪುಟ ತೆರೆದೊಡನೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಮಾಡುವುದೂ ಇದನ್ನೇ. ನಿಮ್ಮ ಪ್ರೊಸೆಸರಿನಿಂದ ಲೆಕ್ಕ ಮಾಡಿಸಿ, ಅದರ ಪ್ರತಿಫಲವಾದ ಕ್ರಿಪ್ಟೊ ನಾಣ್ಯವನ್ನು ತನ್ನ ಒಡೆಯನಿಗೆ ಕಳುಹಿಸುತ್ತದೆ. ಹೀಗೆ ಲೆಕ್ಕ ಮಾಡಿ ನಾಣ್ಯ ಗಳಿಸುವುದಕ್ಕೇ ಗಣಿಗಾರಿಕೆ ಎನ್ನುವುದು. ಈಗ ಇನ್‌ಕಾಗ್ನಿಟೊಗೆ ಬನ್ನಿ. ಅದು ಮಾಡುವುದೇನು? ನೀವು ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ನಿಮ್ಮ ಬ್ರೌಸರಿನ ಇತಿಹಾಸದಲ್ಲಿ ಉಳಿಸುವುದಿಲ್ಲ, ಕಿಟಕಿ ಮುಚ್ಚಿದ ಮೇಲೆ ಕುಕಿಗಳನ್ನು ಅಳಿಸುತ್ತದೆ. ನೀರು ಬಿಟ್ಟ ಲೆಕ್ಕವನ್ನು ಪುಸ್ತಕದಲ್ಲಿ ಬರೆಯದಿದ್ದರೆ ಪಂಪು ನಿಂತೀತೇ? ಪುಟದ ಸ್ಕ್ರಿಪ್ಟ್ ಇನ್‌ಕಾಗ್ನಿಟೊದಲ್ಲಿಯೂ ಅಷ್ಟೇ ವೇಗದಲ್ಲಿ ಓಡುತ್ತದೆ. ಅಷ್ಟೇ ಅಲ್ಲ, ಕ್ರೋಮ್‌ನಲ್ಲಿ ಜಾಹೀರಾತನ್ನೂ ಇಂಥ ಸ್ಕ್ರಿಪ್ಟನ್ನೂ ತಡೆಯಲೆಂದು ನೀವು ಹಾಕಿಕೊಂಡ ಎಕ್ಸ್‌ಟೆನ್ಷನ್‌ಗೆ ಇನ್‌ಕಾಗ್ನಿಟೊದಲ್ಲಿ ಕೆಲಸ ಮಾಡಲು ಪ್ರತ್ಯೇಕ ಅನುಮತಿ ಬೇಕು. ಅದನ್ನು ಕೊಡದವರು ಸುರಕ್ಷಿತವೆಂದು ನಂಬಿದ ಕಿಟಕಿಯಲ್ಲಿಯೇ ಬೇಲಿ ತೆಗೆದು ಕುಳಿತಿರುತ್ತಾರೆ!

ಪುಟ ಮುಚ್ಚಿದರೆ ಗಣಿಗಾರಿಕೆಯೂ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ 2017ರಲ್ಲಿ ಕೆಲವರು ಪುಟ್ಟ ಕಿಟಕಿಯೊಂದನ್ನು ಟಾಸ್ಕ್‌ಬಾರಿನ ಗಡಿಯಾರದ ಹಿಂದೆ ಬಚ್ಚಿಟ್ಟಿದ್ದರು. ಬ್ರೌಸರ್ ಮುಚ್ಚಿದೆವೆಂದು ಜನ ಎದ್ದು ಹೋದರೂ ಲೆಕ್ಕ ನಡೆದೇ ಇತ್ತು. ಹಾಗಾಗಿ ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಾವ ಟ್ಯಾಬ್ ಪ್ರೊಸೆಸರನ್ನು ತಿನ್ನುತ್ತಿದೆ ಎಂದು ನೋಡಿ. ಫೈರ್‌ಫಾಕ್ಸ್ 2019ರ ಸೆಪ್ಟೆಂಬರಿನಿಂದ ತನಗೆ ಗೊತ್ತಿರುವ ಇಂತಹ ಸ್ಕ್ರಿಪ್ಟ್‌ಗಳನ್ನು ತಾನಾಗಿಯೇ ತಡೆಯುತ್ತದೆ. ಫ್ಯಾನಿನ ಸದ್ದೊಂದನ್ನೇ ನಂಬಬೇಡಿ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಧೂಳು ತುಂಬಿದ ಲ್ಯಾಪ್‌ಟಾಪ್ ಸುಮ್ಮನಿದ್ದರೂ ಕೂಗುತ್ತದೆ.

ನಷ್ಟ ಎಷ್ಟು? 30 ವಾಟ್ ಹೆಚ್ಚುವರಿ ವಿದ್ಯುತ್ತು ದಿನಕ್ಕೆ 5 ಗಂಟೆ ಎಂದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಮೊತ್ತ ಸಣ್ಣದು. ನನಗೆ ಸಿಟ್ಟು ಬರುವುದು ಕೇಳದೇ ತೆಗೆದುಕೊಂಡರಲ್ಲ ಎಂಬುದಕ್ಕೆ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಇವರು ಗಳಿಸುತ್ತಿದ್ದುದು ಬಿಟ್‌ಕಾಯಿನ್ ಅಲ್ಲ. ಅದಕ್ಕೆಂದೇ ತಯಾರಾದ ಯಂತ್ರಗಳ ಮುಂದೆ ಮನೆಯ ಕಂಪ್ಯೂಟರ್ ಯಾವ ಲೆಕ್ಕಕ್ಕೂ ಇಲ್ಲ. ಅವರ ಕಣ್ಣಿದ್ದುದು ಮೊನೆರೊ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯದ ಮೇಲೆ. ಅದರ ಲೆಕ್ಕದ ಬಗೆಯೇ ಸಾಮಾನ್ಯ ಪ್ರೊಸೆಸರಿಗೆ ಹೊಂದುವಂಥದ್ದು, ಹಣ ಯಾರ ಕೈಸೇರಿತೆಂದು ಪತ್ತೆ ಹಚ್ಚುವುದೂ ಕಷ್ಟ. 2017ರ ಸೆಪ್ಟೆಂಬರಿನಲ್ಲಿ ಬಂದ ಕಾಯಿನ್‌ಹೈವ್ ಎಂಬ ಸೇವೆ ಇದನ್ನೇ ವ್ಯಾಪಾರ ಮಾಡಿಕೊಂಡು, ಗಳಿಕೆಯ ಶೇ. 30ರಷ್ಟನ್ನು ತಾನಿಟ್ಟುಕೊಳ್ಳುತ್ತಿತ್ತು. 2018ರ ಫೆಬ್ರವರಿಯಲ್ಲಿ, ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ಬ್ರೌಸಲೌಡ್ ಎಂಬ ಸಾಧನದೊಳಗೆ ಯಾರೋ ಇದರ ಸ್ಕ್ರಿಪ್ಟ್ ತೂರಿಸಿದರು. ಬ್ರಿಟನ್ನಿನ ಸರ್ಕಾರಿ ತಾಣಗಳೂ ಸೇರಿ 4,000ಕ್ಕೂ ಹೆಚ್ಚು ಜಾಲತಾಣಗಳು ತಮಗೇ ತಿಳಿಯದಂತೆ ಗಣಿಗಳಾದವು. ಕಣ್ಣು ಕಾಣದವರಿಗೆ, ಓದಲು ಕಷ್ಟಪಡುವವರಿಗೆ ನೆರವಾಗಲೆಂದು ಇದ್ದ ಸಾಧನವದು. ಮೊನೆರೊ ಬೆಲೆ ಕುಸಿದು ಲಾಭ ಹುಟ್ಟದಾದಾಗ, 2019ರ ಮಾರ್ಚ್ 8ರಂದು ಕಾಯಿನ್‌ಹೈವ್ ಬಾಗಿಲು ಹಾಕಿತು.