ಹೊಳಪು ಹೋದ ಮೇಲೂ ಉಳಿಯುವ ಪದರ

ಸಂಡೂರಿನ ಗಣಿ ರಸ್ತೆಯಲ್ಲಿ ಓಡುವ ಟಿಪ್ಪರಿನ ಬಂಪರ್ ಥಳಥಳ ಹೊಳೆಯುವುದಿಲ್ಲ. ಅದಕ್ಕೆ ಕೆಂಧೂಳು ಮೆತ್ತಿರುತ್ತದೆ, ಅಂಚುಗಳಲ್ಲಿ ಬಣ್ಣ ಎದ್ದಿರುತ್ತದೆ. ಆದರೆ ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಲಾರಿ ಮಾದರಿಯ ಕಿಟ್ ತೆರೆದರೆ ಬಂಪರ್, ಗ್ರಿಲ್, ಡೀಸೆಲ್ ಟ್ಯಾಂಕ್, ಚಕ್ರದ ರಿಮ್ ಎಲ್ಲಕ್ಕೂ ಕ್ರೋಮ್ ಬಳಿದಿರುತ್ತಾರೆ. ಬಳ್ಳಾರಿಯ ನನ್ನ ಕಾರ್ಯಾಗಾರದಲ್ಲಿ ಇಂಥ ತುಂಡುಗಳಿಗೆ ಬಣ್ಣ ಹಚ್ಚುವ ಮೊದಲು ಆ ಹೊಳಪನ್ನು ಪೂರ್ತಿ ತೆಗೆದೇ ಮುಂದುವರಿಯುತ್ತೇವೆ.

ಹೆಸರಿಗೆ ಕ್ರೋಮ್ ಎಂದರೂ ಅದರಲ್ಲಿ ಕ್ರೋಮಿಯಂ ಇರುವುದಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ತುಂಡಿಗೆ ಮೊದಲು ಲ್ಯಾಕರ್, ಅಂದರೆ ವಾರ್ನಿಷ್‌ನಂಥ ಲೇಪ, ಹಚ್ಚಿ ಮೇಲ್ಮೈಯನ್ನು ನಯ ಮಾಡುತ್ತಾರೆ. ಬಳಿಕ ನಿರ್ವಾತ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿಯನ್ನು ಅದರ ಮೇಲೆ ಕೂರಿಸುತ್ತಾರೆ. ಸಾಮಾನ್ಯವಾಗಿ ಅದರ ಮೇಲೂ ಪಾರದರ್ಶಕ ಲ್ಯಾಕರ್ ಇರುತ್ತದೆ. ಕಿಟ್‌ನ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು. ನಡುವೆ ಈ ಪದರಗಳಿದ್ದರೆ ಅಂಟು ಹಿಡಿಯದು, ಬಣ್ಣವೂ ಸರಿಯಾಗಿ ಕೂರದು. ಅಚ್ಚಿನ ಭಾಗಗಳು ಕೂಡುವಲ್ಲಿ ತುಂಡಿನ ಮೇಲೆ ಮೂಡುವ ಗೆರೆಗಳು ಹೊಳಪಿನಡಿ ಹಾಗೆಯೇ ಉಳಿದು, ಕೊನೆಗೆ ಬಣ್ಣದ ಮೇಲೆ ಎದ್ದು ಕಾಣುತ್ತವೆ.

ಅಲ್ಯೂಮಿನಿಯಂ ಪದರವನ್ನು ತೆಗೆಯುವುದು ಸುಲಭ. ಅಂಗಡಿಯ ಲಿಕ್ವಿಡ್ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಸಾಕು. ನಮ್ಮೂರಿನ ಜೀನ್ಸ್ ವಾಷಿಂಗ್ ಘಟಕಗಳವರಿಗೆ ಇದು ಹೊಸದಲ್ಲ. ಆದರೆ ಅಲ್ಲಿನದು ಮನೆಬಳಕೆಯದಕ್ಕಿಂತ ಪ್ರಬಲ, ಅದನ್ನು ತರಬೇಡಿ. ಬ್ಲೀಚ್ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿ ಕೆಲಸಕ್ಕೆ ಬಾರದಿರಬಹುದು. ಹಾಗಾಗಿ ಬಿಡಿಭಾಗಗಳನ್ನು ಹಿಡಿದಿಡುವ ಚೌಕಟ್ಟಿನಿಂದ ಕ್ರೋಮ್ ಇರುವ ಒಂದು ಚೂರನ್ನು ಕತ್ತರಿಸಿ ಮೊದಲು ಮುಳುಗಿಸಿ ನೋಡಿ. ಕತ್ತರಿಸಿದ ತುದಿಯಲ್ಲಿ ಮೇಲಿನ ಲ್ಯಾಕರ್ ಒಡೆದಿರುವುದರಿಂದ ಹೊಳಪು ಅಲ್ಲಿಂದಲೇ ಸವೆಯತೊಡಗುತ್ತದೆ. ಸಣ್ಣ ಗುಳ್ಳೆಗಳೇಳುತ್ತವೆ, ಬೆಳ್ಳಿ ಬಣ್ಣ ತೇಪೆ ತೇಪೆಯಾಗಿ ಮಾಯವಾಗುತ್ತದೆ. ಕೆಲವು ಕಿಟ್‌ಗಳಿಗೆ ನಿಮಿಷಗಳು ಸಾಕು, ಕೆಲವಕ್ಕೆ ರಾತ್ರಿಯಿಡೀ ಬೇಕು. ಪ್ಲಾಸ್ಟಿಕ್ ಡಬ್ಬಿ ಬಳಸಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಮೇಲಿಡಿ. ಸಣ್ಣ ತುಂಡುಗಳನ್ನು ಚಹಾ ಸೋಸುವ ಪ್ಲಾಸ್ಟಿಕ್ ಜರಡಿಯಲ್ಲಿ ಇಳಿಬಿಟ್ಟರೆ ಕಳೆದುಹೋಗುವುದಿಲ್ಲ.

ಹೊಳಪು ಹೋದ ಕೂಡಲೇ ಕೆಲಸ ಮುಗಿಯಿತೆಂದು ಬಹಳಷ್ಟು ಜನ ಪ್ರೈಮರ್ ಕೈಗೆತ್ತಿಕೊಳ್ಳುತ್ತಾರೆ. ಎಡವುವುದು ಇಲ್ಲಿಯೇ. ಬ್ಲೀಚ್ ತಿನ್ನುವುದು ಲೋಹವನ್ನು ಮಾತ್ರ, ಕೆಳಗಿನ ಲ್ಯಾಕರ್ ಉಳಿದಿರುತ್ತದೆ. ತೊಳೆದ ಗ್ರಿಲ್ಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಂದುಗಳಲ್ಲಿ ಜೇನಿನಂಥ ತೆಳು ಹಳದಿ ನಿಂತಿದ್ದರೆ ಅದು ಲ್ಯಾಕರ್. ಆಳವಾಗಿರಬೇಕಾದ ಗೆರೆಗಳನ್ನು ಅದು ಅರ್ಧ ತುಂಬಿರುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಗ್ರಿಲ್ ಇನ್ನಷ್ಟು ಮೊಂಡಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಗುರವಾಗಿ ತಿಕ್ಕಿದರೆ ಅದು ಸಾಮಾನ್ಯವಾಗಿ ಮೆತ್ತಗಾಗಿ ಬಿಡುತ್ತದೆ. ಹಟ ಹಿಡಿಯುವ ಲ್ಯಾಕರ್‌ಗೆ ವಾಹನದ ಡಾಟ್ 3 ಬ್ರೇಕ್ ಆಯಿಲ್ ಆಗುತ್ತದೆ, ಆದರೆ ಅದರಲ್ಲಿ ತುಂಡನ್ನು ಮರೆತು ಬಿಡಬೇಡಿ, ಆಗಾಗ ತೆಗೆದು ನೋಡುತ್ತಿರಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ಮುಟ್ಟಲೇಬೇಡಿ. ಅವು ಲ್ಯಾಕರ್ ಜೊತೆ ತುಂಡನ್ನೂ ಹಾಳು ಮಾಡುತ್ತವೆ.

ಈ ಎರಡು ಹಂತಗಳ ನಡುವೆ ಅವಸರ ಬೇಡವೆಂದು ನಾನು ಕಲಿಯುವ ಹುಡುಗರಿಗೆ ಗದರಿಯೇ ಹೇಳುತ್ತೇನೆ. ಬ್ಲೀಚ್ ಆಲ್ಕೋಹಾಲ್‌ಗೆ ಬೆರೆತರೆ ವಿಷಕಾರಿ ರಾಸಾಯನಿಕಗಳು ಹುಟ್ಟುತ್ತವೆ. ಬ್ಲೀಚಿಂಗ್ ಪುಡಿಗೆ ಬ್ರೇಕ್ ಆಯಿಲ್ ತಗುಲಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಬಚ್ಚಲಿನಲ್ಲಿ ಕೆಲಸ ಮಾಡುವವರು ಟಾಯ್ಲೆಟ್ ಕ್ಲೀನರ್ ಬಾಟಲಿಯನ್ನು ಹೊರಗಿಡಿ, ಅದರ ಆಮ್ಲ ಬ್ಲೀಚ್‌ಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವೂ ಅಷ್ಟೇ ಅಪಾಯಕಾರಿ. ಕೈಗವಸು, ಕನ್ನಡಕ, ತೆರೆದ ಕಿಟಕಿ ಇರಲೇಬೇಕು. ಮಕ್ಕಳು ಮಾದರಿ ಕಟ್ಟುತ್ತಿದ್ದರೆ ಈ ಭಾಗವನ್ನು ದೊಡ್ಡವರೇ ಮಾಡಿಕೊಡಿ. ಕಾಸ್ಟಿಕ್ ಸೋಡಾದಿಂದಲೂ ಹೊಳಪು ಬೇಗ ಹೋಗುತ್ತದೆ, ಆದರೆ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮನೆಯಲ್ಲಿ ಅದನ್ನು ಬಳಸಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಕೊನೆಯಲ್ಲಿ ಸೋಪಿನ ನೀರಿನಲ್ಲಿ ತೊಳೆಯಿರಿ. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಕೊನೆಯ ಒಂದು ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ನೆರಳಿನಲ್ಲಿ ಒಣಗಿಸಿ, ಅಚ್ಚಿನ ಗೆರೆಗಳನ್ನು 800ರ ವಾಟರ್ ಪೇಪರ್‌ನಿಂದ ಉಜ್ಜಿ ಪ್ರೈಮರ್ ಹೊಡೆಯಿರಿ.

ಇದೆಲ್ಲ ಕಿಟ್‌ನ ತುಂಡುಗಳಿಗೆ ಮಾತ್ರ. ನಿಜವಾದ ಕಾರು, ಬೈಕ್‌ಗಳ ಹೊಳೆಯುವ ಪ್ಲಾಸ್ಟಿಕ್ ಲಾಂಛನಗಳು ಸಾಮಾನ್ಯವಾಗಿ ಎಬಿಎಸ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ಕಿನವು. ಅವುಗಳ ಮೇಲೆ ವಿದ್ಯುತ್ತಿನಿಂದ ಲೇಪಿಸಿದ ತಾಮ್ರ, ನಿಕಲ್, ಅಸಲಿ ಕ್ರೋಮಿಯಂ ಇರುತ್ತವೆ. ಅಲ್ಲಿ ಬ್ಲೀಚ್‌ನ ಆಟ ನಡೆಯದು. ಅದನ್ನು ಕೀಳುವ ರಾಸಾಯನಿಕಗಳು ಮನೆಯಲ್ಲಿ ಇಟ್ಟುಕೊಳ್ಳುವಂಥವಲ್ಲ. ಅಂಥ ತುಂಡಿಗೆ ಬಣ್ಣ ಬೇಕಿದ್ದರೆ ಲೇಪವನ್ನು ಹಾಗೆಯೇ ಬಿಟ್ಟು, ಒದ್ದೆ ವಾಟರ್ ಪೇಪರ್‌ನಿಂದ ಮೇಲ್ಮೈಯನ್ನು ಒರಟು ಮಾಡಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಹಚ್ಚಿ.